ಉಷ್ಣ ಸಂವಾದದಲ್ಲಿ ನಾಪಾಸು

ಪ್ರತಿ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗುವ ಮುನ್ನ ಇಂದುಮತಿ ಕರಡಿಗುದ್ದಿ ತಾನು ಈ ವಾರ ಯಾವ ವಿಷಯದ ಪ್ರಾಧ್ಯಾಪಕಿ ಎಂಬುದನ್ನು ನೋಡಿಕೊಳ್ಳಬೇಕಾಗುತ್ತಿತ್ತು. ಅರ್ಧ ಆಯುಷ್ಯ ಎರಕದ ಪಾಠ ಮಾಡಿದವಳು ಆಕೆ. ಉಸುಕಿನ ಅಚ್ಚು ಕಟ್ಟುವುದು, ಕಬ್ಬಿಣ ಕರಗಿಸುವುದು, ಕರಗಿದ ರಸವನ್ನು ಅಚ್ಚಿಗೆ ಹೊಯ್ಯುವುದು ಆಕೆಯ ವಿದ್ಯೆ. ಆದರೆ ಘಟಪ್ರಭಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರ ವಿದ್ಯೆ ಏನೆಂಬುದನ್ನು ಈಗ ‘ಸಮನ್ವಯ’ ಎಂಬ ಯಂತ್ರ ನಿರ್ಧರಿಸುತ್ತಿತ್ತು. ಹಿಂದಿನ ವಾರ ಅದು ಎರಕಕ್ಕೆ ಎರಡು ಗಂಟೆ ಕೊಟ್ಟು, ಉಳಿದದ್ದನ್ನೆಲ್ಲ ‘ಉಷ್ಣ ಸಂವಾದ’ಕ್ಕೆ ಬಳಿದಿತ್ತು. ಈ ಸೋಮವಾರ ಪರದೆ ತೆರೆದು ನೋಡಿದರೆ ಎರಕದ ಎದುರು ಸೊನ್ನೆ.

ಯಂತ್ರ ಬಂದದ್ದು ಕೆಟ್ಟ ಉದ್ದೇಶದಿಂದೇನಲ್ಲ. ಅದಕ್ಕೂ ಮೊದಲು ಇಡೀ ಒಂದು ತಲೆಮಾರು ಕಾರ್ಖಾನೆಯವರೂ ವಿಶ್ವವಿದ್ಯಾಲಯದವರೂ ಬೀಗರ ಹಾಗೆ ಜಗಳಾಡಿದ್ದರು. ನಿಮ್ಮ ಹುಡುಗರಿಗೆ ಏನೂ ಬರುವುದಿಲ್ಲ ಎಂದು ಅವರು. ನಿಮಗೇನು ಬೇಕೆಂದು ಸರಿಯಾಗಿ ಹೇಳಿ ಎಂದು ಇವರು. ಪಠ್ಯಕ್ರಮ ಬದಲಾಗುವಷ್ಟರಲ್ಲಿ ಮಕ್ಕಳು ಓದು ಮುಗಿಸಿ, ಕೆಲಸ ಸಿಗದೆ, ಮೊಬೈಲ್ ಅಂಗಡಿ ಇಟ್ಟು, ಮದುವೆಯೂ ಆಗಿರುತ್ತಿದ್ದರು. ಆಗ ಸರ್ಕಾರ ಸಮನ್ವಯವನ್ನು ತಂದಿತು. ಸೀಮೆಯ ಎಲ್ಲ ಕಾರ್ಖಾನೆಗಳ ಕೆಲಸದ ಜಾಹೀರಾತು, ಕರೆಂಟಿನ ಬಳಕೆ, ಮಾಲಿನ ಆರ್ಡರು, ತಿರಸ್ಕಾರವಾಗಿ ವಾಪಸು ಬಂದ ಸರಕು, ಎಲ್ಲವನ್ನೂ ಅದು ಓದುತ್ತಿತ್ತು. ಇವತ್ತು ಒಳಗೆ ಬಂದ ಮಗು ಪದವಿ ಹಿಡಿದು ಹೊರಗೆ ಹೋಗುವ ದಿನ ಮಾರುಕಟ್ಟೆಗೆ ಯಾವ ವಿದ್ಯೆ ಬೇಕಾಗಿರುತ್ತದೆ ಎಂದು ಲೆಕ್ಕ ಹಾಕಿ, ವಾರವಾರ ವಿಷಯಗಳನ್ನೂ ಗಂಟೆಗಳನ್ನೂ ಹಂಚುತ್ತಿತ್ತು. ಇಂದುಮತಿ ಅಧ್ಯಕ್ಷೆಯಾಗಿದ್ದ ಅಧ್ಯಯನ ಮಂಡಳಿಗೆ ಉಳಿದದ್ದು ಒಂದೇ ಅಧಿಕಾರ. ಯಂತ್ರ ಕೊಟ್ಟ ವಿಷಯದ ಹೆಸರಿನ ಕೆಳಗೆ ಪಾಠಗಳ ವಿವರ ಬರೆಯುವುದು. ಹಳೆಯ ಕಾಯ್ದೆಯ ಆ ಕಲಮನ್ನು ತೆಗೆದುಹಾಕಲು ಯಾರಿಗೋ ಮರೆತುಹೋಗಿತ್ತು, ಅಷ್ಟೇ.

ಇಂದುಮತಿ ಸಿಟ್ಟಿನಿಂದ ಸಮನ್ವಯದ ಕೊಠಡಿಗೆ ಹೋದಳು. ಮೊದಲು ಅದು ಗ್ರಂಥಾಲಯವಾಗಿತ್ತು. ಈಗ ಒಳಗೆ ಚಳಿ, ನೀಲಿ ದೀಪಗಳು, ಮತ್ತು ಸ್ವೆಟರ್ ಹಾಕಿಕೊಂಡು ಕೂತ ಎಂಜಿನಿಯರ್ ದಾದಾಪೀರ ನದಾಫ್. ಒಂದು ಕಾಲಕ್ಕೆ ಅವನು ಆಕೆಯ ವಿದ್ಯಾರ್ಥಿಯೇ.

“ಏನಪಾ, ನಿನ್ನ ಯಂತ್ರ ನನ್ನ ವಿಷಯಾನ ನುಂಗಿ ನೀರು ಕುಡೀತಲ್ಲ!”

“ನಾ ಏನ್ ಮಾಡ್ಲಿ ಮೇಡಂ? ಬೇಡಿಕಿ ಹಂಗೈತ್ರಿ.” ದಾದಾಪೀರ ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದ. “ನೂರು ಜಾಹೀರಾತು ಬಂದ್ರ ತೊಂಬತ್ತರಾಗ ಉಷ್ಣ ಸಂವಾದ ಕೇಳ್ತಾರ. ಕಲಿತ ಹುಡುಗರೆಲ್ಲಾರಿಗೂ ಕೆಲಸ ಸಿಕ್ಕೈತಿ. ಒಬ್ಬಾಂವನೂ ಖಾಲಿ ಕುಂತಿಲ್ರಿ.”

“ಕೆಲಸ ಸಿಕ್ಕೈತಿ, ಖರೆ. ಅಲ್ಲಿ ಹೋಗಿ ಏನ್ ಮಾಡ್ತಾರ?”

“ಅದನ್ನ ಯಂತ್ರ ಓದೂದಿಲ್ರಿ.”

ಉಷ್ಣ ಸಂವಾದ ಎಂದರೆ ಏನೆಂದು ಇಂದುಮತಿಗೂ ಗೊತ್ತಿರಲಿಲ್ಲ. ಮೊದಲ ವರ್ಷ ಯಂತ್ರ ಆ ಹೆಸರನ್ನು ಕೊಟ್ಟಾಗ ಮಂಡಳಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದ್ದರು. ಗೊತ್ತಿಲ್ಲ ಎಂದು ಹೇಳುವುದು ಪ್ರಾಧ್ಯಾಪಕರ ಜಾಯಮಾನವಲ್ಲ. ‘ಉಷ್ಣ ಸಂವಾದದ ಪೀಠಿಕೆ’, ‘ಉಷ್ಣ ಸಂವಾದದ ವಿಧಗಳು’, ‘ಉಷ್ಣ ಸಂವಾದದ ಉಪಯೋಗಗಳು’ ಎಂದು ಬರೆದು, ಸಭೆಗೆ ತರಿಸಿದ ಕುಂದಾ ಮಿಠಾಯಿ ತಿಂದು, ಎಲ್ಲರೂ ಮನೆಗೆ ಹೋಗಿದ್ದರು. ಇಂದುಮತಿಯೂ ಸೇರಿ ಪಾಠ ಮಾಡುವವರೆಲ್ಲ ಶಾಖದ ಬಗ್ಗೆ ಒಂದಿಷ್ಟು, ಸಂವಹನದ ಬಗ್ಗೆ ಒಂದಿಷ್ಟು ಕಲಸಿ ಬಡಿಸುತ್ತಿದ್ದರು. ಪರೀಕ್ಷೆಯಲ್ಲಿ ಯಾರೂ ನಾಪಾಸಾಗುತ್ತಿರಲಿಲ್ಲ. ಇಲ್ಲದ್ದರಲ್ಲಿ ತಪ್ಪು ಹುಡುಕುವವರು ಯಾರು?

ಆ ಸಂಜೆ ಮನೆಯಲ್ಲಿ ಇಂದುಮತಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಗಂಡ ಅಡಿವೆಪ್ಪನದು ನೀರಿನ ಪಂಪಿನ ಕವಚಗಳನ್ನು ಎರಕ ಹೊಯ್ಯುವ ಸಣ್ಣ ಫೌಂಡ್ರಿ. ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಬರೆಯುತ್ತಿದ್ದ. ಎದುರಿಗೆ ಮಗಳು ವೈಜಯಂತಿ ಕೂತಿದ್ದಳು. ಕೊನೆಯ ವರ್ಷದ ಓದು. ಒಂದು ದೊಡ್ಡ ವಾಲ್ವ್ ಕಂಪನಿಯವರು ಕ್ಯಾಂಪಸ್ಸಿಗೆ ಬಂದು ಅವಳನ್ನು ಆಗಲೇ ಆರಿಸಿಕೊಂಡು ಹೋಗಿದ್ದರು. ಪರೀಕ್ಷೆ ಪಾಸಾದರೆ ಸಾಕು, ಕೆಲಸ ಅವಳದೇ.

“ಸಂವಾದಕ್ಕ ‘ಸ’ದ ಮುಂದ ಸೊನ್ನಿ ಬರತೈತಲ್ಲ ವೈಜೂ?” ಎಂದು ಅಡಿವೆಪ್ಪ ಕೇಳಿದ.

ಇಂದುಮತಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. “ಏನ್ ಬರೀಲಿಕತ್ತೀರಿ?”

“ಜಾಹೀರಾತು. ಇಬ್ಬರು ಬೇಕಾಗ್ಯಾರ. ಮಾಲು ಭಾಳ ವಾಪಸ್ ಬರಾಕತೈತಿ. ಕವಚದಾಗ ಗಾಳಿ ತೂತು, ಬಿರುಕು.”

“ಅದಕ್ಕ ಉಷ್ಣ ಸಂವಾದ ಯಾಕ ಬೇಕು?”

“ನನಗೇನ್ ಗೊತ್ತು ಮಾರಾಯ್ತಿ? ಮೊದಲಿಂದ್ಲೂ ಹಿಂಗ ಮಾಡೂದು. ಕೆಲಸಕ್ಕ ಏನೇನ್ ಬರಬೇಕು ಅಂತ ಬರಿಯೂದು ನಮಗ ಬರೂದಿಲ್ಲ. ನಿಮ್ಮ ಯೂನಿವರ್ಸಿಟಿ ಸೈಟಿನಾಗ ವಿಷಯದ ಪಟ್ಟಿ ಇರತೈತಲ್ಲ, ಅದನ್ನ ಎತ್ತಿ ಇಲ್ಲಿ ಹಚ್ಚತೀವಿ. ಎಲ್ಲಾರೂ ಹಂಗ ಮಾಡ್ತಾರ. ನಾ ಒಬ್ಬಾಂವ ಬಿಟ್ರ, ಅಡಿವೆಪ್ಪನ ಫೌಂಡ್ರಿ ಹಿಂದ ಬಿತ್ತು ಅಂತಾರ.”

ಇಂದುಮತಿ ಹಿಟ್ಟಿನ ಕೈಯಲ್ಲೇ ತಲೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಳು. ಕಾರ್ಖಾನೆಗಳು ವಿಶ್ವವಿದ್ಯಾಲಯದ ಪಟ್ಟಿ ನೋಡಿ ಜಾಹೀರಾತು ಬರೆಯುತ್ತವೆ. ವಿಶ್ವವಿದ್ಯಾಲಯದ ಯಂತ್ರ ಆ ಜಾಹೀರಾತು ನೋಡಿ ಪಟ್ಟಿ ಮಾಡುತ್ತದೆ. ಎರಕ ಬಾರದ ಹುಡುಗರು ಫೌಂಡ್ರಿ ಸೇರುತ್ತಾರೆ, ಮಾಲು ಕೆಡುತ್ತದೆ. ಮಾಲು ಕೆಟ್ಟಿತೆಂದು ಮತ್ತೆ ಅಂಥವರನ್ನೇ ಕರೆಯುತ್ತಾರೆ, ಯಂತ್ರ ಮತ್ತಷ್ಟು ಗಂಟೆ ಹೆಚ್ಚಿಸುತ್ತದೆ. ಕುರುಡ ಕುರುಡನ ಕೈ ಹಿಡಿದು ಹೊರಟಿದ್ದ, ಇಡೀ ಸೀಮೆ ಹಿಂದಿನಿಂದ ಚಪ್ಪಾಳೆ ತಟ್ಟುತ್ತಿತ್ತು.

“ಹೋದ ವರ್ಷ ತಗೊಂಡ ಹುಡುಗ ಏನ್ ಮಾಡಾಕತ್ಯಾನ್ರಿ?”

“ಪಾಪ, ಭಾಳ ಒಳ್ಳೆ ಹುಡುಗ. ಅವನ ಸಲುವಾಗಿ ಒಂದು ಉಷ್ಣ ಸಂವಾದ ವಿಭಾಗ ಮಾಡೇವಿ. ಕುಲುಮಿ ಮುಂದ ಕುಂತು ವರದಿ ಬರೀತಾನ.”

ವೈಜಯಂತಿ ತಲೆ ತಗ್ಗಿಸಿ ನಗುತ್ತಿದ್ದಳು. ಮಗಳು ಯಾಕೆ ನಗುತ್ತಿದ್ದಾಳೆಂದು ಕೇಳುವ ಸಹನೆ ತಾಯಿಗೆ ಆಗ ಇರಲಿಲ್ಲ.

ಮರುದಿನ ಇಂದುಮತಿ ದಾದಾಪೀರನ ಬೆನ್ನು ಹತ್ತಿದಳು. ಆ ಹೆಸರು ಯಂತ್ರದೊಳಗೆ ಮೊಟ್ಟಮೊದಲು ಎಲ್ಲಿಂದ ಬಂತು, ಹುಡುಕು ಎಂದಳು. ಅವನು ಗೊಣಗುತ್ತಲೇ ಹಿಂದೆ ಹಿಂದೆ ಹೋದ. ಜಾಹೀರಾತಿನಿಂದ ಪಟ್ಟಿಗೆ, ಪಟ್ಟಿಯಿಂದ ಇನ್ನೂ ಹಳೆಯ ಜಾಹೀರಾತಿಗೆ ಹೋಗುತ್ತಾ ಮಧ್ಯಾಹ್ನದ ಹೊತ್ತಿಗೆ ಯಂತ್ರವನ್ನು ಜೋಡಿಸಿದ ದಿನಕ್ಕೆ ಮುಟ್ಟಿದ. ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ಏನಾತು?”

“ಮೇಡಂ, ಇದು ವಿಷಯಾನ ಅಲ್ರಿ.” ಅವನ ದನಿ ಇಳಿದಿತ್ತು. “ಯಂತ್ರ ಕೂಡಿಸಿದವರು ಪರದೆ ಸರಿ ಕಾಣತೈತೋ ಇಲ್ಲೋ ನೋಡಾಕ ಬಾಯಿಗೆ ಬಂದ ಎರಡು ಶಬ್ದ ಟೈಪ್ ಮಾಡ್ಯಾರ. ಅಳಸಾಕ ಮರತಾರ.”

ಇಂದುಮತಿಗೆ ಮೊದಲು ನಗು ಬಂತು, ಬೆನ್ನಿಗೇ ಅಳು ಬರುವಷ್ಟು ಸಿಟ್ಟು ಬಂತು. ಪರೀಕ್ಷೆಗೆಂದು ಹೊಡೆದ ಎರಡು ಪದಗಳಿಗೆ ಪಠ್ಯಪುಸ್ತಕ, ಪ್ರಾಧ್ಯಾಪಕರು, ರಾಜ್ಯಮಟ್ಟದ ವಿಚಾರ ಸಂಕಿರಣ! ಒಬ್ಬರಂತೂ ಅದರಲ್ಲಿ ಪಿಎಚ್‌ಡಿಯನ್ನೂ ಮುಗಿಸಿದ್ದರು.

“ಈಗ ಅಳಿಸು.”

“ಅಳಸಬೌದ್ರಿ. ಆದ್ರ ಅದರ ಕೂಡ ಎಲ್ಲಾರ ಅಂಕಾನೂ ಹೋಗ್ತಾವ. ಮೂರು ವರ್ಷದ ಹುಡುಗರ ಪದವಿಯೊಳಗ ಅರ್ಧಕ್ಕಿಂತ ಹೆಚ್ಚು ಅದ ಐತಿ. ಹೊರಗ ಹೋದವ್ರ ಪದವಿ ರದ್ದಾಗತೈತಿ, ಒಳಗಿದ್ದವ್ರು ಮೊದಲಿಂದ ಓದಬೇಕು.” ಅವನು ಪರದೆಯ ಮೇಲಿನ ಒಂದು ಹೆಸರಿನತ್ತ ಬೆರಳು ಮಾಡಿದ, “ನಮ್ಮ ವೈಜಯಂತೀನೂ ಅದರಾಗ ಬರ್ತಾಳ್ರಿ.”

ಅಲ್ಲಿಂದ ಆಕೆ ನೇರವಾಗಿ ಕುಲಪತಿ ಗಣಾಚಾರಿಯವರ ಬಳಿ ಹೋದಳು. ಅವರು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೋ ಎಂದು ಆಕೆಗೆ ಸಂಶಯ ಬಂತು.

“ನೋಡ್ರಿ ಮೇಡಮ್ಮರ,” ಎಂದು ಕೊನೆಗೆ ಕಣ್ಣು ತೆರೆದರು. “ಉದ್ಯೋಗ ಸಿಗೂದ್ರಾಗ ನಾವು ರಾಜ್ಯಕ್ಕ ಮೊದಲನೇದವ್ರು. ಈ ಸಲದ ಪರೀಕ್ಷಾ ಮುಗದ ಮ್ಯಾಲೆ ಮಂತ್ರಿಗಳು ಉಷ್ಣ ಸಂವಾದ ಭವನಕ್ಕ ಅಡಿಗಲ್ಲು ಹಾಕಾಕ ಬರಾವ್ರು. ನೀವು ಹೋಗಿ ಅಂಥಾ ವಿಷಯ ಇಲ್ಲ ಅಂತೀರಲ್ಲ?”

“ಇಲ್ಲದ್ದಕ್ಕ ಇಲ್ಲ ಅನ್ನಬೇಕಲ್ರಿ ಸರ!”

“ಕೆಲಸ ಕೊಡೂ ವಿಷಯ ಇಲ್ಲದ್ದು ಹೆಂಗಾದೀತು?” ಗಣಾಚಾರಿಯವರು ನಿಜಕ್ಕೂ ನೊಂದವರಂತೆ ಕೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಿತ್ತು ಅವರ ಮಾತು. ಇವರಾದರೋ ಕೊಟ್ಟಿಗೆಯ ಅಡಿಗಲ್ಲಿಗೆ ಮಂತ್ರಿಯನ್ನೇ ಕರೆದುಬಿಟ್ಟಿದ್ದರು.

ಮನೆಗೆ ಬಂದ ಇಂದುಮತಿ ಮಗಳನ್ನು ಕರೆದು ಕೂರಿಸಿಕೊಂಡಳು. ಇದನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಮಗಳ ಎದೆ ಒಡೆಯುತ್ತದೆ ಎಂದು ಹೆದರಿದ್ದಳು. ಮಾತು ತಡವರಿಸಿತು, ಹೇಗೋ ಹೇಳಿ ಮುಗಿಸಿದಳು.

ವೈಜಯಂತಿ ಉಗುರು ಕಡಿಯುತ್ತಾ ಕೇಳಿದಳು. “ಅಷ್ಟ ಏನು?” ಎಂದಳು.

“ಅಷ್ಟ ಅಂದ್ರ?”

“ಅವ್ವಾ, ಅದು ಇಲ್ಲ ಅಂತ ನಮಗ ಮೊದಲನೇ ವರ್ಷದಾಗ ಗೊತ್ತಾಗೇತಿ. ಕ್ಲಾಸಿನಾಗ ಎಲ್ಲಾರಿಗೂ ಗೊತ್ತೈತಿ. ಪರೀಕ್ಷಾದಾಗ ‘ಶಾಖವು ಶಾಖದೊಡನೆ ಮಾತನಾಡುತ್ತದೆ’ ಅಂತ ಒಂದು ಸಾಲು ಬರದು ಮುಂದ ಮನಸಿಗೆ ಬಂದದ್ದು ಬರೀತೀವಿ. ನೂರಕ್ಕ ತೊಂಬತ್ತು ಬೀಳತಾವ.”

“ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ?” ವೈಜಯಂತಿಯ ದನಿ ಏರಿತು. “ಕಾರ್ಖಾನೀಗೆ ಏನ್ ಬೇಕು ಅಂತ ಯಂತ್ರ ಇಟ್ಟು ಕೇಳ್ತೀರಿ. ಮಂತ್ರೀನ ಕೇಳ್ತೀರಿ. ಕಲಿಯೂ ನಮ್ಮನ್ನ ಒಂದು ದಿನಾ ಆದರೂ ಯಾರಾದರೂ ಕೇಳೀರಿ? ನೀನ ಪಾಠ ಮಾಡ್ತಿದ್ದಿ ಅವ್ವಾ. ನಮ್ಮ ಮುಂದ ನಿಂತು, ಗೊತ್ತಿಲ್ಲದ್ದನ್ನ ಗೊತ್ತಿದ್ದಂಗ ಹೇಳ್ತಿದ್ದಿ. ನನಗ ನಾಚಿಕಿ ಆಗ್ತಿತ್ತು.”

ಇಂದುಮತಿಗೆ ಕೆನ್ನೆಗೆ ಹೊಡೆದಂತಾಯಿತು. ಮಾತು ನಿಜವಾಗಿತ್ತು, ಅದಕ್ಕೇ ಇನ್ನೂ ಉರಿಯಿತು.

“ಅದನ್ನ ತೆಗಸಾಕ ಹೋಗಬ್ಯಾಡ,” ಎಂದು ವೈಜಯಂತಿಯೇ ಕೊನೆಗೆ ಮೆತ್ತಗಾಗಿ ಹೇಳಿದಳು. “ತೆಗದ್ರ ನಾವೆಲ್ಲಾ ಬೀದಿಗೆ ಬೀಳತೀವಿ. ಹೆಸರು ಹಂಗ ಇರ್ಲಿ. ಒಳಗ ಏನೂ ಇಲ್ಲಲ್ಲ, ನಿನ್ನ ಎರಕ ತುಂಬು. ಪಾಠದ ವಿವರ ಬರಿಯೂದು ನಿಮ್ಮ ಮಂಡಳಿ ಕೈಯಾಗ ಐತಲ್ಲ? ಅದರಾಗ ಇದು ಬರೂದಿಲ್ಲ ಅಂತ ಯಾರ್ ಹೇಳ್ತಾರ? ಅದು ಏನು ಅಂತ ಯಾರಿಗೂ ಗೊತ್ತಿಲ್ಲ.”

ಇಂದುಮತಿ ಮಗಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಇಷ್ಟು ವರ್ಷ ಮಂಡಳಿಯಲ್ಲಿ ಕೂತು ಕುಂದಾ ತಿಂದವರಿಗೆ ಯಾರಿಗೂ ಈ ಬುದ್ಧಿ ಬಂದಿರಲಿಲ್ಲ.

ಮಂಡಳಿಯ ಸಭೆ ಮುಂದಿನ ವಾರವೇ ಸೇರಿತು. ಇಂದುಮತಿ ಹೊಸ ವಿವರವನ್ನು ಓದಿದಳು. ಉಷ್ಣ ಸಂವಾದದ ಮೊದಲ ಭಾಗ, ಉಸುಕು ಮತ್ತು ಅದರ ತೇವ. ಎರಡನೆಯದು, ಅಚ್ಚು ಕಟ್ಟುವುದು. ಮೂರನೆಯದು, ಕಬ್ಬಿಣ ಕರಗಿಸಿ ಹೊಯ್ಯುವುದು. ಕೊನೆಯ ಪರೀಕ್ಷೆ ಬರೆಯುವುದಲ್ಲ. ಪ್ರತಿಯೊಬ್ಬರೂ ಒಂದು ಪಂಪಿನ ಕವಚ ಎರಕ ಹೊಯ್ಯಬೇಕು. ಹೊರಗಿನ ಪರೀಕ್ಷಕರು ಅದರಲ್ಲಿ ನೀರು ತುಂಬಿ ಒತ್ತಡ ಕೊಡುತ್ತಾರೆ. ಸೋರದಿದ್ದರೆ ಪಾಸು. ಕಾರ್ಖಾನೆಗಳ ಪ್ರತಿನಿಧಿಗಳು ಮೂವರಿದ್ದರು, ಹಿರಿಯ ಪ್ರಾಧ್ಯಾಪಕರು ಐವರಿದ್ದರು. ಇದು ಹಳೆಯ ಎರಕವೇ ಅಲ್ಲವೇ ಎಂದು ಒಬ್ಬರಾದರೂ ಕೇಳಿಯಾರು ಎಂದು ಕಾದಳು.

“ಬಹಳ ಆಧುನಿಕವಾಗಿದೆ,” ಎಂದು ಒಬ್ಬ ಪ್ರತಿನಿಧಿ ತಲೆದೂಗಿದರು.

ಸರ್ವಾನುಮತದಿಂದ ಅಂಗೀಕಾರವಾಯಿತು. ಗೆದ್ದ ಖುಷಿ ಇಂದುಮತಿಗೆ ಒಂದಿಷ್ಟೂ ಆಗಲಿಲ್ಲ. ಇಂಥವರ ಕೈಯಲ್ಲಿ ಮಕ್ಕಳನ್ನು ಕೊಟ್ಟಿದ್ದೇವಲ್ಲ ಎಂದು ಹೊಟ್ಟೆ ಉರಿದುಹೋಯಿತು. ತಾನೂ ಅವರಲ್ಲೊಬ್ಬಳು ಎಂಬುದು ಆ ಉರಿಗೆ ತುಪ್ಪ ಸುರಿಯಿತು.

ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಹಳೆಯ ಎರಕದ ಶಾಲೆಯನ್ನು ಖಾಲಿ ಮಾಡಿಸಿ ಕುಲುಮೆ ಹೊತ್ತಿಸಿದರು. ಮಕ್ಕಳು ಮೊದಮೊದಲು ಫೋಟೋ ತೆಗೆದುಕೊಂಡರು. ಆಮೇಲೆ ಕೈ ಸುಟ್ಟುಕೊಂಡರು, ಬೆವರಿದರು, ಬೈದುಕೊಂಡರು. ಕೆಲವರು ಆಟವಾಡುವುದನ್ನು ಬಿಟ್ಟು ಊಟದ ಬಿಡುವಿನಲ್ಲೂ ಉಸುಕು ಹಿಡಿದು ಕೂತರು. ವೈಜಯಂತಿಯ ತಲೆಗೂದಲಲ್ಲಿ ಕಪ್ಪು ಧೂಳು ಇಳಿದು ದಿಂಬಿನ ಬಟ್ಟೆಯೆಲ್ಲ ಮಸಿಯಾಯಿತು. ಅಡಿವೆಪ್ಪನೂ ಸಂಜೆ ಮಗಳ ಬಾಯಿಂದ ಕೇಳಿ ಕೇಳಿ, ತನ್ನ ವರದಿ ಬರೆಯುವ ಹುಡುಗನನ್ನು ಆ ತರಗತಿಗೆ ಕಳಿಸತೊಡಗಿದ. ಸಮನ್ವಯಕ್ಕೆ ಇದ್ಯಾವುದೂ ಕಾಣಿಸಲಿಲ್ಲ. ಅದರ ಪರದೆಯ ಮೇಲೆ ಉಷ್ಣ ಸಂವಾದ ಮೊದಲಿನಷ್ಟೇ ಗಂಟೆಗಳೊಂದಿಗೆ ಹೊಳೆಯುತ್ತಿತ್ತು.

ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಒಂದೊಂದೇ ಕವಚವನ್ನು ಒತ್ತಡದ ಯಂತ್ರಕ್ಕೆ ಕಟ್ಟಿ ನೋಡಿದರು. ಸಂಜೆಗೆ ಫಲಿತಾಂಶ ಬಿತ್ತು. ಅರ್ಧದಷ್ಟು ಮಂದಿ ನಾಪಾಸು. ನಾಪಾಸಾದವರಲ್ಲಿ ವೈಜಯಂತಿ ಅಡಿವೆಪ್ಪ ಕರಡಿಗುದ್ದಿ.

ಅವಳ ಕೆಲಸ ನಿಂತದ್ದು ಈ ಫಲಿತಾಂಶದ ಮೇಲೆ. ವಾಲ್ವ್ ಕಂಪನಿಯವರು ಮತ್ತೊಂದು ಪರೀಕ್ಷೆಯವರೆಗೆ ಕಾಯುವವರಲ್ಲ. ಇಂದುಮತಿ ಫಲಿತಾಂಶದ ಮುಂದೆ ಕೂತಿರುವಾಗಲೇ ಗಣಾಚಾರಿಯವರ ಫೋನು ಬಂತು.

“ಏನ್ರಿ ಇದು? ಪರದೆ ಎಲ್ಲಾ ಕೆಂಪಾಗೇತಿ! ಮಂತ್ರಿಗಳಿಗೆ ಏನ್ ಹೇಳ್ಲಿ? ಅಧ್ಯಕ್ಷರಾಗಿ ನೀವು ಕೃಪಾಂಕಕ್ಕ ಶಿಫಾರಸು ಮಾಡ್ರಿ. ಎಲ್ಲಾರೂ ಪಾಸಾಗ್ತಾರ, ನಿಮ್ಮ ಮಗಳೂ ಆಗ್ತಾಳ. ಒಂದು ಗುಂಡಿ ಒತ್ತೂದು, ಅಷ್ಟ. ಮನೀಗೆ ಹೋಗಿ ವಿಚಾರ ಮಾಡಿ ಹೇಳ್ರಿ, ನಾ ಮತ್ತ ಮಾಡ್ತೀನಿ.”

ಇಂದುಮತಿ ಮನೆಗೆ ಹೋದಳು. ವೈಜಯಂತಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಅವಳ ಕವಚ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಬಿದ್ದಿತ್ತು. ಅಡಿವೆಪ್ಪ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ.

“ಕೃಪಾಂಕ ಕೊಡಬೌದಂತಲ್ಲ,” ಎಂದಳು ವೈಜಯಂತಿ. ಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. “ಕೊಟ್ಟು ಬಿಡು ಅವ್ವಾ. ಕೆಲಸ ಹೋಗತೈತಿ.”

“ಕೊಡೂದಿಲ್ಲ.”

ಹೇಳಿದ ಮೇಲೆ ಇಂದುಮತಿಗೇ ಭಯವಾಯಿತು. ಹೆತ್ತ ಮಗಳ ಅನ್ನವನ್ನು ಕೈಯಾರೆ ಕಸಿದ ಹಾಗಿತ್ತು.

“ತುಂಬು ಅಂತ ಹೇಳಿದಾಕಿ ನಾನು! ನನಗ ಹಿಂಗ ಮಾಡ್ತೀ?”

“ಹೌದು, ನೀನ ಹೇಳಿದಿ. ತುಂಬೀನಿ. ಒಳಗ ಏನಾದರೂ ಇದ್ದರ ತಪ್ಪಾಗೂದೂ ಇರತೈತಿ ವೈಜೂ.” ಇಂದುಮತಿ ಮಗಳ ಎದುರಿಗೇ ಕೂತಳು. “ನಾ ಗುಂಡಿ ಒತ್ತಿದ್ನಿ ಅಂದ್ರ, ಇದೂ ಮತ್ತ ಅದ ಆಗತೈತಿ. ಮತ್ತ ನಿನ್ನ ಮುಂದ ನಿಂತು ಸುಳ್ಳ ಹೇಳಿದಂಗ. ಬೈ ನನಗ, ಎಷ್ಟ ಬೇಕಾದರೂ ಬೈ.”

ವೈಜಯಂತಿ ಬೈಯಲಿಲ್ಲ. ಮುಖ ತಿರುಗಿಸಿಕೊಂಡು ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಕವಚದ ಬಾಯಿ ಮೇಲಕ್ಕೆ ಮಾಡಿ ನೀರು ತುಂಬಿದಳು. ಪರೀಕ್ಷಕರ ಒತ್ತಡವೇನೂ ಬೇಕಾಗಲಿಲ್ಲ. ಕೆಳಗಿನ ಅಂಚಿನಲ್ಲಿ ಹನಿ ಮೂಡಿತು, ಹಿಂದೆಯೇ ಇನ್ನೊಂದು.

“ನಮ್ಮ ಫೌಂಡ್ರಿ ಮಾಲಿಗಿಂತ ಕಡಿಮಿ ಸೋರತೈತಿ,” ಎಂದು ಅಡಿವೆಪ್ಪ ಸಮಾಧಾನ ಮಾಡಲು ನೋಡಿದ. ತಾಯಿ ಮಗಳು ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು.

ವೈಜಯಂತಿ ಹನಿ ಮೂಡುವ ಜಾಗದ ಮೇಲೆ ಬೆರಳಿಟ್ಟಳು. ತೆಗೆದಳು. ಮತ್ತೆ ಇಟ್ಟಳು. ಮೂಗು ಸೊರಗುಟ್ಟುತ್ತಲೇ ಕೇಳಿದಳು, “ಇಲ್ಲೇ ಯಾಕ ಸೋರಾಕತೈತಿ? ಮ್ಯಾಲೆ ಎಲ್ಲಾ ಸರಿ ಐತಿ.”

“ಅಚ್ಚಿನ ಮ್ಯಾಲಿನ ಉಸುಕು ಒಣಗಿತ್ತು. ತಳದ್ದು?” ಎಂದಳು ಇಂದುಮತಿ.

“ತಳದ್ದು… ಮುಟ್ಟಿ ನೋಡಲಿಲ್ಲ. ಅವಸರ ಮಾಡಿದ್ನಿ.” ವೈಜಯಂತಿ ಕವಚವನ್ನು ಬೆಳಕಿಗೆ ತಿರುಗಿಸಿದಳು. “ಹಸಿ ಇತ್ತು. ಉಗಿ ಎದ್ದು ಒಳಗ ಸಿಕ್ಕೈತಿ. ಹೌದಲ್ಲ?”

“ಹೌದು.”

ಇಷ್ಟು ವರ್ಷಗಳಲ್ಲಿ ಮಗಳು ಓದಿನ ಬಗ್ಗೆ ಆಕೆಯನ್ನು ಕೇಳಿದ್ದು ಇದೇ ಮೊದಲು. ಇಂದುಮತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುವಾಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಗಣಾಚಾರಿಯವರ ಹೆಸರು. ಆಕೆ ಕೈ ಚಾಚುವಷ್ಟರಲ್ಲಿ ವೈಜಯಂತಿ ಫೋನು ಎತ್ತಿಕೊಂಡಳು.

“ಸರ, ನಾನ್ರಿ, ವೈಜಯಂತಿ. ಅವ್ವ ಇಲ್ಲೇ ಅದಾಳ. ನನ್ನ ಸಲುವಾಗಿ ಕೃಪಾಂಕ ಬ್ಯಾಡ್ರಿ.” ಅವಳು ಪ್ರತಿಯೊಂದು ಮಾತನ್ನೂ ಬಿಡಿಸಿ ಹೇಳಿದಳು. “ಇಲ್ರಿ ಸರ, ಪರೀಕ್ಷಕರದು ತಪ್ಪಿಲ್ಲ. ನಾ ಖರೇನ ನಾಪಾಸಾಗೇನಿ. ಯಾಕಂತ ಗೊತ್ತಾಗೇತಿ. ನಾಳೆ ಮುಂಜಾನೆ ಕುಲುಮಿ ಹಚ್ಚಸ್ರಿ, ಬರ್ತೀನಿ.”